ಗೋಡೆ ಬಿಟ್ಟ ಕಣಗಳು

ಜೂನ್ 9

ಪ್ರೀತಿಯ ಗುಬ್ಬಿಗೆ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಏನು ಬರೆಯಲಿ ಎನಿಸಿ ಎದ್ದುಬಿಡುತ್ತಿದ್ದೆ. ನಿನ್ನ ಭಾವ ಹೋದ ಮೇಲೆ ಈ ಮನೆಯಲ್ಲಿ ಹೇಳುವಂಥದ್ದೇನೂ ನಡೆಯುವುದಿಲ್ಲ. ಬೆಳಿಗ್ಗೆ ಎದ್ದು ಗಿರಣಿಗೆ ಹೋಗುತ್ತೇನೆ, ನೂಲು ಸುತ್ತುತ್ತೇನೆ, ಬರುತ್ತೇನೆ. ಕಿಟಕಿಯ ಹತ್ತಿರದ ಅವರ ಕುರ್ಚಿಯನ್ನು ಸರಿಸಿಲ್ಲ. ಕೆಳಮನೆಯ ಟೀಚರು ಒಂದು ದಿನ ಬಂದವರು ಅದರಲ್ಲಿ ಕೂರಲು ಹೋಗಿ, ನನ್ನ ಮುಖ ನೋಡಿ ನೆಲದ ಮೇಲೆ ಕೂತರು. ಆಮೇಲೆ ನನಗೇ ನಾಚಿಕೆಯಾಯಿತು.

ಇವತ್ತು ಬರೆಯುವುದಕ್ಕೆ ಕಾರಣವಿದೆ. ಗಿರಣಿಯಲ್ಲಿ ವರ್ಷಕ್ಕೊಮ್ಮೆ ಎಲ್ಲರ ರಕ್ತ ಪರೀಕ್ಷೆ ಮಾಡಿಸುತ್ತಾರಲ್ಲ, ಈ ಸಲ ನನ್ನದರಲ್ಲಿ ಬಿಳಿ ರಕ್ತಕಣ ಜಾಸ್ತಿ ಬಂದಿದೆ. ಹದಿನೈದು ಸಾವಿರದ ಮೇಲೆ. ಹನ್ನೊಂದರ ಒಳಗಿರಬೇಕಂತೆ. ನರ್ಸಮ್ಮ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಕೊಟ್ಟಳು. ಡಾಕ್ಟರು ಜ್ವರ ಬಂದಿತ್ತೇ ಎಂದು ಕೇಳಿದರು, ಇಲ್ಲ ಎಂದೆ. ಹಾಗಾದರೆ ಮುಂದಿನ ತಿಂಗಳು ಇನ್ನೊಂದು ಸಲ ನೋಡೋಣ ಎಂದು ನನ್ನ ಹಿಂದೆ ನಿಂತವಳನ್ನು ಕರೆದರು.

ನನ್ನ ಎದುರು ಯಂತ್ರದಲ್ಲಿ ಇದ್ದಳಲ್ಲ, ಅವಳಿಗೂ ಮೊದಲು ಹೀಗೇ ಹೇಳಿದ್ದರು. ಅವಳದು ರಕ್ತದ ಕ್ಯಾನ್ಸರ್ ಆಗಿತ್ತು. ಈಗ ಆ ಯಂತ್ರಕ್ಕೆ ಬೇರೆಯವಳು ಬಂದಿದ್ದಾಳೆ.

ನೀನು ಪ್ರಯೋಗಾಲಯದಲ್ಲಿ ದಿನವಿಡೀ ಬಿಳಿ ಕಣಗಳ ಜೊತೆಗೇ ಇರುವವಳು. ನಿಜ ಹೇಳು. ನಾನು ಹೆದರುವುದಿಲ್ಲ. ಫೋನ್ ಮಾತ್ರ ಮಾಡಬೇಡ. ಗಿರಣಿ ನನ್ನ ಕಿವಿ ತಿಂದು ಎಷ್ಟೋ ವರ್ಷವಾಯಿತು. ಟೀಚರ ಮನೆಯಲ್ಲಿ ರಿಸೀವರ್ ಹಿಡಿದು ನಾನು "ಏನು, ಏನು" ಎನ್ನುವುದನ್ನು ಅವರ ಮನೆಯವರೆಲ್ಲ ನಿಂತು ನೋಡುತ್ತಾರೆ.

ನಿನ್ನ ಅಕ್ಕ


ಜೂನ್ 15

ಅಕ್ಕಾ,

"ನಾನು ಹೆದರುವುದಿಲ್ಲ" ಎಂದು ಬರೆದ ಸಾಲಿನಲ್ಲಿ ನಿನ್ನ ಅಕ್ಷರ ಗೆರೆ ಬಿಟ್ಟು ಕೆಳಗೆ ಇಳಿದಿದೆ. ನನ್ನ ಹತ್ತಿರ ಈ ನಾಟಕ ಬೇಡ. ಮೊದಲು ಒಂದು ಲೋಟ ನೀರು ಕುಡಿ, ಆಮೇಲೆ ಮುಂದೆ ಓದು.

ನಾವಿಲ್ಲಿ ಮಾಡುವ ಕೆಲಸ ಇದೇ. ಆರೋಗ್ಯವಾಗಿರುವವರ ರಕ್ತ ತೆಗೆದು ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ಕೆಂಪು ಕೆಳಗೆ ಕೂರುತ್ತದೆ, ಹಳದಿ ನೀರು ಮೇಲೆ ನಿಲ್ಲುತ್ತದೆ. ಎರಡರ ನಡುವೆ ಈರುಳ್ಳಿಯ ಪೊರೆಯಷ್ಟು ತೆಳ್ಳಗೆ ಒಂದು ಬಿಳಿ ಪದರ. ಬಿಳಿ ಕಣಗಳೆಂದರೆ ಅವೇ. ಅವನ್ನು ಎತ್ತಿ, ಹಾರ್ಮೋನಿನ ಒಂದು ಹನಿ ಬಿಟ್ಟು, ಕಣದ ಒಳಗೆ ಏನಾಗುತ್ತದೆ ಎಂದು ನೋಡುತ್ತೇವೆ. ಗಾಬರಿಯಾದಾಗ ಉಕ್ಕುವ ಹಾರ್ಮೋನು ಒಳಗೆ ಹೋಗುವುದೇ ಇಲ್ಲ. ಹೊರಗೆ ನಿಂತು ಬಾಗಿಲು ತಟ್ಟುತ್ತದೆ, ಅಷ್ಟೇ. ಬಾಗಿಲ ಹತ್ತಿರ ಇದ್ದವನು ಪಕ್ಕದವನನ್ನು ಎಬ್ಬಿಸುತ್ತಾನೆ, ಅವನು ಇನ್ನಿಬ್ಬರನ್ನು, ಹೀಗೆ ಕ್ಷಣದಲ್ಲಿ ಮನೆಗೆ ಮನೆಯೇ ಎದ್ದು ಕೂತಿರುತ್ತದೆ. ಚಿಂತೆ, ದುಃಖ ಬಹಳ ದಿನ ಉಳಿದಾಗ ಬರುವ ಹಾರ್ಮೋನು ಬೇರೆ. ಅದಕ್ಕೆ ಬಾಗಿಲು ಬೇಡ. ಗೋಡೆಯನ್ನೇ ದಾಟಿ ಒಳಗೆ ಬರುತ್ತದೆ. ತನಗಾಗಿ ಕಾಯುತ್ತಿದ್ದವನ ಕೈ ಹಿಡಿದು ನಡುಮನೆಗೆ ಹೋಗಿ, ಇನ್ನು ಮುಂದೆ ಇಲ್ಲಿ ಯಾವ ಕೆಲಸ ನಡೆಯಬೇಕು, ಯಾವುದು ನಿಲ್ಲಬೇಕು ಎಂದು ಹೇಳುತ್ತದೆ.

ಈಗ ನಿನ್ನ ವಿಷಯ. ನಮ್ಮ ಬಿಳಿ ಕಣಗಳಲ್ಲಿ ಸುಮಾರು ಅರ್ಧದಷ್ಟು ರಕ್ತನಾಳದ ಗೋಡೆಗೆ ಅಂಟಿಕೊಂಡು ಕೂತಿರುತ್ತವೆ. ಅವು ಸೂಜಿಗೆ ಸಿಗುವುದಿಲ್ಲ, ಲೆಕ್ಕಕ್ಕೂ ಬರುವುದಿಲ್ಲ. ಈ ದುಃಖದ ಹಾರ್ಮೋನು ಬಂದು ಹೇಳಿದರೆ ಗೋಡೆ ಬಿಟ್ಟು ಹರಿಯುವ ರಕ್ತಕ್ಕೆ ಬೀಳುತ್ತವೆ. ಪರೀಕ್ಷೆಯಲ್ಲಿ ಸಂಖ್ಯೆ ಏರುತ್ತದೆ. ಕೆಟ್ಟ ಕಣ ಹುಟ್ಟಿತು ಎಂದು ಅದರ ಅರ್ಥವಲ್ಲ.

ಭಾವ ಹೋಗಿ ಇನ್ನೂ ನಾಲ್ಕು ತಿಂಗಳಾಗಿಲ್ಲ. ನಿನ್ನ ರಕ್ತ ಹಾಗಿರುವುದರಲ್ಲಿ ಆಶ್ಚರ್ಯವೇನಿದೆ? ಅದು ಕ್ಯಾನ್ಸರ್ ಅಲ್ಲ ಅಕ್ಕಾ. ಅದು ಭಾವ.

ಆದರೂ ಚೀಟಿಯನ್ನು ಪೂರ್ತಿ ನಕಲು ಮಾಡಿ ಕಳಿಸು. ಸುತ್ತು ಹಾಕಿದ್ದನ್ನು ಮಾತ್ರ ಅಲ್ಲ.

ಗುಬ್ಬಿ


ಜೂನ್ 27

ಪ್ರೀತಿಯ ಗುಬ್ಬಿಗೆ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ. "ಅದು ಭಾವ" ಎಂದ ಸಾಲನ್ನು ಗಿರಣಿಯಲ್ಲಿ ನೂಲು ಸುತ್ತುವಾಗಲೂ ಹೇಳಿಕೊಂಡೆ. ಎಲ್ಲರೂ ನನ್ನನ್ನು ನೋಡಿ, ಇವಳಿಗೆ ಅಂಥ ದುಃಖವೇನೂ ಆದಂತಿಲ್ಲ ಎಂದುಕೊಳ್ಳುತ್ತಾರೆ. ಅದು ಎಲ್ಲಿಗೂ ಹೋಗಿಲ್ಲ, ರಕ್ತದಲ್ಲೇ ಇದೆ ಎಂದು ತಿಳಿದು ನನಗೆ ಒಂದು ಥರ ಸಮಾಧಾನವಾಯಿತು.

ನಿಜ ಹೇಳಬೇಕೆಂದರೆ ನಾನು ಚೆನ್ನಾಗಿಯೇ ಇದ್ದೇನೆ. ಹಸಿವು ಹೆಚ್ಚಾಗಿದೆ. ಮೆಟ್ಟಿಲು ಹತ್ತುವಾಗ ಕೊರೆಯುತ್ತಿದ್ದ ಮಂಡಿನೋವು ಕೂಡ ಮಾಯವಾಗಿದೆ. ನಿದ್ದೆ ಕಡಿಮೆ, ಆದರೂ ಸುಸ್ತಿಲ್ಲ. ಯಾರಾದರೂ ರಜೆ ಹಾಕಿದರೆ ಅವರ ಪಾಳಿಯನ್ನೂ ನಾನೇ ಮಾಡುತ್ತೇನೆ. ನಿನ್ನ ಭಾವನೇ ಎಲ್ಲೋ ನಿಂತು ನನಗೆ ಶಕ್ತಿ ಕೊಡುತ್ತಿದ್ದಾರೆ ಎನಿಸುತ್ತದೆ. ನೀನು ನಗುತ್ತೀಯ, ನಗು.

ಮೊನ್ನೆ ಟೀಚರು ಮೆಟ್ಟಿಲ ಹತ್ತಿರ ನಿಲ್ಲಿಸಿ, "ದುಃಖದಲ್ಲಿ ಎಲ್ಲರೂ ಇಳಿದು ಹೋಗ್ತಾರೆ, ನೀವು ದುಂಡಗಾಗಿದ್ದೀರಲ್ರೀ" ಎಂದರು. ತಮಾಷೆಗೇ ಅಂದದ್ದು. ಮನೆಗೆ ಬಂದು ಕನ್ನಡಿ ನೋಡಿದೆ. ಕೆನ್ನೆ ಊದಿದೆ, ನಿಜ. ಗಂಡನನ್ನು ಕಳೆದುಕೊಂಡವಳ ಮುಖದ ಹಾಗಿಲ್ಲ. ಅವತ್ತಿನಿಂದ ಕನ್ನಡಿಯನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದೇನೆ.

ಚೀಟಿಯ ನಕಲು ಜೊತೆಗಿದೆ. ಹೆಸರುಗಳನ್ನು ನೋಡಿ ನೋಡಿ ಬರೆದಿದ್ದೇನೆ, ತಪ್ಪಿದ್ದರೆ ತಿದ್ದಿಕೋ.

ಅಕ್ಕ


ಜುಲೈ 5

ಅಕ್ಕಾ,

ಚೀಟಿ ಸಿಕ್ಕಿತು. ಈ ಕಾಗದವನ್ನು ನಾಲ್ಕು ಸಲ ಶುರು ಮಾಡಿ ಹರಿದಿದ್ದೇನೆ.

ಹೆದರಬೇಡ, ಕ್ಯಾನ್ಸರ್ ಎಂದು ನಾನು ಹೇಳುತ್ತಿಲ್ಲ. ಆದರೆ ಬಿಳಿ ಕಣಗಳಲ್ಲಿ ನಾಲ್ಕೈದು ಜಾತಿ ಇರುತ್ತವೆ. ನಿನ್ನದರಲ್ಲಿ ಒಂದು ಜಾತಿ ಏರಿದೆ, ಇನ್ನೊಂದು ತೀರ ಇಳಿದಿದೆ, ಮತ್ತೊಂದರ ಮುಂದೆ ಸೊನ್ನೆ ಇದೆ. ದುಃಖದ ಹಾರ್ಮೋನು ಇದನ್ನೇ ಮಾಡುತ್ತದೆ, ಆದರೆ ಇಷ್ಟು ನಿಚ್ಚಳವಾಗಿ ಮಾಡುವುದನ್ನು ನಾನು ನೋಡಿರುವುದು ನಮ್ಮ ಗಾಜಿನ ನಳಿಕೆಗಳಲ್ಲಿ ಮಾತ್ರ. ಅಲ್ಲಿ ನಾವು ಸೀಸೆಯಿಂದ ಬೇಕಾದಷ್ಟು ಸುರಿಯುತ್ತೇವೆ.

ಯಾರದು ಎಂದು ಹೇಳದೆ ನಮ್ಮ ಪ್ರಯೋಗಾಲಯದ ಮೇಡಂಗೆ ತೋರಿಸಿದೆ. ಅವರು ಕನ್ನಡಕ ಕೂಡ ಸರಿಯಾಗಿ ಹಾಕಿಕೊಳ್ಳಲಿಲ್ಲ. "ಸ್ಟಿರಾಯ್ಡ್ ಮಾತ್ರೆ ತಗೋತಾ ಇದ್ದಾರಾ ಇವರು?" ಎಂದರು. ಇಲ್ಲ ಎಂದೆ. "ಕೇಳಿ ನೋಡಿದ್ದೀಯಾ, ಅಥವಾ ನೀನೇ ಹೇಳ್ತಿದ್ದೀಯಾ?" ಎಂದರು.

ಅದಕ್ಕೇ ಕೇಳುತ್ತಿದ್ದೇನೆ. ಮಂಡಿನೋವಿಗೆ ಯಾರಾದರೂ ಮಾತ್ರೆ, ಪುಡಿ, ಕಷಾಯ ಕೊಟ್ಟರೇ? ಅಂಥ ಪುಡಿಗಳಲ್ಲಿ ಕೆಲವರು ಸ್ಟಿರಾಯ್ಡ್ ಬೆರೆಸಿರುತ್ತಾರೆ. ಕೈ ಮೇಲೆ ಸುಮ್ಮಸುಮ್ಮನೆ ಕಪ್ಪು ಕಲೆ ಬೀಳುತ್ತಿವೆಯೇ? ತಡ ಮಾಡದೆ ಬರೆ.

ಗುಬ್ಬಿ


ಜುಲೈ 14

ಗುಬ್ಬಿಗೆ,

ಯಾವ ಡಾಕ್ಟರೂ ನನಗೆ ಮಾತ್ರೆ ಕೊಟ್ಟಿಲ್ಲ. ಯಾವ ಪುಡಿಯನ್ನೂ ನಾನು ತಿಂದಿಲ್ಲ. ಕೈಯಲ್ಲಿ ಕಲೆ ಇವೆ, ನೂಲಿನ ಪೆಟ್ಟಿಗೆ ಎತ್ತುವಾಗ ತಗುಲಿದ್ದು.

ಎರಡನೆಯ ಸಲದ ರಕ್ತ ಪರೀಕ್ಷೆಯಲ್ಲಿ ಸಂಖ್ಯೆ ಇನ್ನೂ ಸ್ವಲ್ಪ ಏರಿದೆ. ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟಿದ್ದಾರೆ. ನಾನು ಹೋಗಲಿಲ್ಲ. ಎದುರು ಯಂತ್ರದವಳ ಮೂಳೆಗೆ ಅಲ್ಲಿ ಸೂಜಿ ಚುಚ್ಚಿದ್ದರು.

ಮೊದಲು ನಿನ್ನ ಭಾವನ ಹೆಸರು ಹೇಳಿ ಸಮಾಧಾನ ಮಾಡಿದೆ. ಈಗ ಪೊಲೀಸರ ಹಾಗೆ ಪ್ರಶ್ನೆ ಕೇಳುತ್ತೀಯ. ನಿಮ್ಮ ಮೇಡಂ ಬೇರೆ ಏನೋ ಹೇಳಿರಬೇಕು, ನೀನು ಮುಚ್ಚಿಡುತ್ತಿದ್ದೀಯ. ಇರಲಿ. ನನ್ನದು ಇನ್ನು ಸ್ವಲ್ಪ ದಿನ, ಅಷ್ಟೇ. ಆಮೇಲೆ ಮುಗಿಯುತ್ತದೆ, ಎಲ್ಲರಿಗೂ ನೆಮ್ಮದಿ. ಅಲ್ಲಿಯವರೆಗೆ ನನ್ನನ್ನು ಏನೂ ಕೇಳಬೇಡ.

ಅಕ್ಕ


ಜುಲೈ 20

ಅಕ್ಕಾ,

ಏನು ಮುಗಿಯುತ್ತದೆ?

ನಿನ್ನ ಕಾಗದ ಹಿಡಿದುಕೊಂಡು ಪ್ರಯೋಗಾಲಯದ ತಣ್ಣನೆಯ ಕೋಣೆಯಲ್ಲಿ ನಿಂತುಬಿಟ್ಟಿದ್ದೆ, ಜೊತೆಯವರು ಬಂದು ಎಳೆದುಕೊಂಡು ಹೋದರು. ನೀನು ಜೀವಕ್ಕೆ ಏನಾದರೂ ಮಾಡಿಕೊಳ್ಳುವ ಯೋಚನೆಯಲ್ಲಿದ್ದೀಯಾ? ಇದ್ದರೆ ಇದೆ ಎಂದು ಬರೆ, ನಾನು ಬೈಯುವುದಿಲ್ಲ, ಬರುತ್ತೇನೆ. ಅಮ್ಮ ಹೋದಾಗ ನನಗೆ ಜಡೆ ಹಾಕಿ ಶಾಲೆಗೆ ಕಳಿಸಿದವಳು ನೀನು. ನನಗೆ ಉಳಿದಿರುವವಳು ನೀನೊಬ್ಬಳೇ.

ಮೇಡಂ ಬೇರೆ ಏನೂ ಹೇಳಿಲ್ಲ, ನನ್ನಾಣೆ. ಒಂದೇ ಸಾಲು ಸಾಕು. ಕೂಡಲೇ ಬರೆ.

ಗುಬ್ಬಿ


ಜುಲೈ 26

ಗುಬ್ಬಿ,

ಅಯ್ಯೋ, ಹಾಗೆಲ್ಲ ಇಲ್ಲ. ನಿನ್ನನ್ನು ಹೀಗೆ ಹೆದರಿಸುತ್ತೇನೆ ಎಂದು ನನಗೆ ತಿಳಿಯಲಿಲ್ಲ. ಮುಗಿಯುವುದು ಎಂದದ್ದು ಅವರ ಮಾತ್ರೆ.

ಶ್ವಾಸಕೋಶದ ಕಾಯಿಲೆಗೆ ನಿನ್ನ ಭಾವ ಬೆಳಿಗ್ಗೆ ನುಂಗುತ್ತಿದ್ದರಲ್ಲ, ಆ ಚಿಕ್ಕ ಬಿಳಿ ಮಾತ್ರೆಗಳು. ತಿಂಡಿಯಾದ ಮೇಲೆ ಅವರ ಫ್ಲಾಸ್ಕಿನ ಮುಚ್ಚಳದಲ್ಲಿ ಹಾಕಿ ಕೊಡುತ್ತಿದ್ದೆ. ನಾನು ಹಾಕದಿದ್ದರೆ ಅವರಿಗೆ ನೆನಪೇ ಇರುತ್ತಿರಲಿಲ್ಲ. ಕೊನೆಯ ಸಲ ಆಸ್ಪತ್ರೆಯಿಂದ ಬರುವಾಗ ತಿಂಗಳುಗಟ್ಟಲೆ ಬರುವಷ್ಟು ಕೊಟ್ಟು ಕಳಿಸಿದ್ದರು. ಡಬ್ಬಿ ತುಂಬ ಇತ್ತು. ಅವರು ಇರಲಿಲ್ಲ.

ಅವರು ಹೋಗಿ ಎಲ್ಲರೂ ಹೊರಟ ಮಾರನೆಯ ಬೆಳಿಗ್ಗೆ, ತಿಂಡಿಯ ತಟ್ಟೆ ತೊಳೆದು ಕೈ ಒರೆಸಿಕೊಂಡವಳು ನೋಡುತ್ತೇನೆ, ಮುಚ್ಚಳದಲ್ಲಿ ಮಾತ್ರೆ ಹಾಕಿಬಿಟ್ಟಿದ್ದೇನೆ. ಕೈ ತಾನಾಗಿ ಹಾಕಿತ್ತು. ವಾಪಸ್ಸು ಡಬ್ಬಿಗೆ ಹಾಕಲು ಮನಸ್ಸಾಗಲಿಲ್ಲ. ಎಸೆಯಲೂ ಆಗಲಿಲ್ಲ. ಅವರ ಬಾಯಿಗೆ ಹೋಗಬೇಕಾದ್ದು ಕಸದ ಬುಟ್ಟಿಗೆ ಹೇಗೆ ಹೋಗುತ್ತದೆ? ನುಂಗಿದೆ. ಮರುದಿನವೂ ಹಾಗೇ ಆಯಿತು. ಅಷ್ಟು ಹೊತ್ತು ಅವರು ಪಕ್ಕದ ಕೋಣೆಯಲ್ಲಿ ಇದ್ದ ಹಾಗೆ ಇರುತ್ತಿತ್ತು.

ನೀನು ಕೇಳಿದಾಗ ನಾಚಿಕೆಯಿಂದ ಹೇಳಲಿಲ್ಲ. ಡಾಕ್ಟರು ನನಗೆ ಮಾತ್ರೆ ಕೊಟ್ಟಿಲ್ಲ ಎಂದು ಬರೆದದ್ದು ಸುಳ್ಳಲ್ಲ, ಅವರಿಗೆ ಕೊಟ್ಟಿದ್ದು. ಈಗ ಕೊನೆಯ ಸ್ಟ್ರಿಪ್ಪಿನಲ್ಲಿ ಸ್ವಲ್ಪ ಉಳಿದಿದೆ. ಈ ಕಾಗದ ನಿನ್ನ ಕೈ ಸೇರುವ ಹೊತ್ತಿಗೆ ಅದೂ ಮುಗಿದಿರುತ್ತದೆ. ಆಮೇಲೆ ಎಷ್ಟು ಬೇಕಾದರೂ ಬೈ.

ಅಕ್ಕ


ಆಗಸ್ಟ್ 1

ಅಕ್ಕಾ,

ನಿಲ್ಲಿಸಬೇಡ. ನಿಲ್ಲಿಸಿದ್ದರೆ ಈ ಕಾಗದ ಓದಿದ ಕೂಡಲೇ ಆಸ್ಪತ್ರೆಗೆ ಹೋಗು, ಜೊತೆಗಿರುವ ಚೀಟಿಯನ್ನು ಡಾಕ್ಟರಿಗೆ ತೋರಿಸು. ಮೇಡಂ ಬರೆದುಕೊಟ್ಟಿದ್ದಾರೆ.

ಆ ಮಾತ್ರೆಯೇ ಸ್ಟಿರಾಯ್ಡ್, ನಾನು ಹೇಳಿದ ದುಃಖದ ಹಾರ್ಮೋನಿನ ಅಣ್ಣ. ಹೊರಗಿನಿಂದ ದಿನಾ ಅಷ್ಟು ಬರುತ್ತಿದ್ದರೆ, ನಿನ್ನ ದೇಹದಲ್ಲಿ ಅದನ್ನು ತಯಾರಿಸುವ ಗ್ರಂಥಿ ಕೆಲಸ ಬಿಟ್ಟು ಮಲಗಿಬಿಡುತ್ತದೆ. ಮಾತ್ರೆ ಒಮ್ಮೆಗೇ ನಿಂತರೆ ಅದು ತಟ್ಟನೆ ಏಳಲಾರದು. ಆಗ ಮೈಯಲ್ಲಿ ಹೊರಗಿನದೂ ಇಲ್ಲ, ಒಳಗಿನದೂ ಇಲ್ಲ. ವಾಂತಿ, ಸುಸ್ತು, ರಕ್ತದೊತ್ತಡ ಕುಸಿಯುವುದು. ಜೀವಕ್ಕೆ ಅಪಾಯ ಅಕ್ಕಾ, ಸುಮ್ಮನೆ ಹೇಳುತ್ತಿಲ್ಲ.

ಟೀಚರ ಮನೆಗೆ ಮತ್ತೆ ಮತ್ತೆ ಫೋನ್ ಮಾಡುತ್ತಿದ್ದೇನೆ, ಗಂಟೆ ಹೊಡೆದುಕೊಳ್ಳುತ್ತದೆ, ಯಾರೂ ಎತ್ತುವುದಿಲ್ಲ. ಇದನ್ನು ತುರ್ತು ಅಂಚೆಗೆ ಹಾಕಿ ಗಿರಣಿಯ ನಂಬರು ಹುಡುಕುತ್ತೇನೆ.

ಗುಬ್ಬಿ


ಆಗಸ್ಟ್ 1

ಪ್ರೀತಿಯ ಗುಬ್ಬಿಗೆ,

ಡಬ್ಬಿ ಖಾಲಿಯಾಯಿತು. ತೊಳೆದು ಬೋರಲು ಹಾಕಿದೆ. ಇನ್ನು ಹಗುರವಾಗುತ್ತದೆ ಎಂದುಕೊಂಡಿದ್ದೆ.

ನಿನ್ನೆಯಿಂದ ಗಿರಣಿಗೆ ಹೋಗಿಲ್ಲ. ಎದ್ದು ನಿಂತರೆ ಕಣ್ಣು ಕತ್ತಲೆ. ತಿಂದದ್ದು ನಿಲ್ಲುತ್ತಿಲ್ಲ. ಟೀಚರು ಮಗಳ ಮನೆಗೆ ಹೋಗಿದ್ದಾರೆ, ಕೆಳಗೆ ಬೀಗ. ಹೊಟ್ಟೆ ಕೆಟ್ಟಿರಬೇಕು. ಅಥವಾ ದುಃಖ ಈಗ ಶುರುವಾಯಿತೋ ಏನೋ, ಇಷ್ಟು ದಿನ ಅವರ ಮಾತ್ರೆ ತಡೆದಿತ್ತೇನೋ. ಹಾಗಿದ್ದರೆ ಬರಲಿ, ತಡೆಯುವುದಿಲ್ಲ. ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಓದಲು ಆಗದಿದ್ದರೆ ಬೈಯಬೇಡ. ಸ್ವಲ್ಪ ಹೊತ್ತು ಬಿಟ್ಟು ಮುಂದೆ


ಆಗಸ್ಟ್ 2, ಬಸ್ಸಿನಲ್ಲಿ

ಅಕ್ಕಾ,

ಯಾರ ಕೈಗೆ ಕೊಡುತ್ತೇನೋ ಗೊತ್ತಿಲ್ಲದೆ ಬರೆಯುತ್ತಿದ್ದೇನೆ. ಸುಮ್ಮನೆ ಕೂತರೆ ಪಕ್ಕದವರ ಮೈಮೇಲೆ ಬೀಳುವ ಹಾಗಾಗುತ್ತದೆ.

ಗಿರಣಿಗೆ ಫೋನ್ ಸಿಕ್ಕಿತು. ನಿಮ್ಮ ನರ್ಸಮ್ಮ ಎತ್ತಿದಳು. ನೀನು ಕೆಲಸಕ್ಕೆ ಬಂದಿಲ್ಲ ಎಂದಳು. ನಾನು ಏನು ಹೇಳಿದೆನೋ, ಎಷ್ಟು ಹೇಳಿದೆನೋ. ಅವಳು ನಡುವೆ ತಡೆದು, "ಮನೆ ಎಲ್ಲಿ ಹೇಳಮ್ಮ, ಉಳಿದದ್ದು ಆಮೇಲೆ" ಎಂದಳು. ಹೇಳಿದೆ. ಫೋನ್ ಇಟ್ಟಳು. ಆಮೇಲೆ ಏನಾಯಿತು ಎಂದು ತಿಳಿಯುವ ಮೊದಲು ನನ್ನ ಬಸ್ಸು ಹೊರಟಿತು.

ಭಾವನ ಮುಖವೂ ಕೊನೆಕೊನೆಗೆ ಹೀಗೇ ದುಂಡಗಾಗಿತ್ತು. ನಾನೇ ಅವರ ಕೆನ್ನೆ ನೋಡಿ ನಕ್ಕಿದ್ದೆ. ನೀನು ಕೆನ್ನೆ ಊದಿದೆ ಎಂದು ಬರೆದಾಗ ನನಗೆ ಅದು ಹೊಳೆಯಬೇಕಿತ್ತು.

ಬಾಗಿಲು ತೆಗೆ ಅಕ್ಕಾ.


ಆಗಸ್ಟ್ 24

ಗುಬ್ಬಿಗೆ,

ನೀನು ಹೊರಟ ಮೇಲೆ ಮನೆ ಒಂದು ವಾರ ಬಿಕೋ ಎನ್ನುತ್ತಿತ್ತು. ಈಗ ಸಿಟ್ಟು ಬಂದಿದೆ, ಬರೆಯುವಷ್ಟು ಚೇತರಿಸಿಕೊಂಡಿದ್ದೇನೆ ಎಂದು ತಿಳಿ.

ಬಾಗಿಲ ಚಿಲಕ ಮುರಿದು ನರ್ಸಮ್ಮ ಒಳಗೆ ಬಂದದ್ದು ನನಗೆ ನೆನಪಿಲ್ಲ. ಆಸ್ಪತ್ರೆಯಲ್ಲಿ ಸೂಜಿ ಹಾಕಿದ ಮೇಲೆ ಕಣ್ಣು ಬಿಟ್ಟದ್ದು, ನೀನು ಮಂಚದ ಕಾಲಿನ ಹತ್ತಿರ ಬಾಚದ ತಲೆಯಲ್ಲಿ ಕೂತಿದ್ದದ್ದು ನೆನಪಿದೆ. ಡಾಕ್ಟರು ಎಲ್ಲರೆದುರು, "ಗಂಡನ ಮಾತ್ರೆ ಹೆಂಡತಿ ನುಂಗಿದ್ದನ್ನ ಇದೇ ಮೊದಲು ನೋಡ್ತಿರೋದು" ಎಂದರಲ್ಲ, ಅದೂ ನೆನಪಿದೆ. ಆಗ ನೀನು ತಲೆಯಾಡಿಸಿದೆ. ಈಗ ನೂಲಿನ ವಿಭಾಗದಲ್ಲಿ ನನಗೆ ಮಾತ್ರೆ ಅಕ್ಕ ಎಂದು ಹೆಸರು ಬಿದ್ದಿದೆ. ಬಾಯಿ ಆಡಿಸುವುದನ್ನು ನೋಡಿದರೆ ತಿಳಿಯುತ್ತದೆ, ಕಿವಿ ಬೇಕಾಗಿಲ್ಲ.

ಅದಕ್ಕೆ ಸಿಟ್ಟಿಲ್ಲ. ಸಿಟ್ಟು ಬೇರೆಯದಕ್ಕೆ. ರಕ್ತದಲ್ಲಿ ಏರಿರುವುದು ನಿನ್ನ ಭಾವ ಎಂದು ನೀನೇ ಬರೆದೆ. ನಾನು ಅದನ್ನು ನಂಬಿ ಬದುಕಿದ್ದೆ. ಈಗ ಅದು ಬರೀ ಮಾತ್ರೆ ಎನ್ನುತ್ತೀಯ. ಅವರು ಹೋದ ಮೇಲೆ ನಾನು ಹೊಟ್ಟೆ ತುಂಬ ಉಂಡೆ, ಎರಡು ಪಾಳಿ ದುಡಿದೆ, ದುಂಡಗಾದೆ. ಎಲ್ಲ ಮಾತ್ರೆಯೇ ಮಾಡಿದ್ದಾದರೆ ನಾನು ದುಃಖಪಟ್ಟದ್ದು ಯಾವಾಗ? ಅದು ಎಲ್ಲಿದೆ ಹೇಳು. ನಿಮ್ಮ ಯಂತ್ರದಲ್ಲಿ ಕಾಣುತ್ತದೆಯೇ?

ಅಕ್ಕ


ಸೆಪ್ಟೆಂಬರ್ 2

ಅಕ್ಕಾ,

ಕಾಣುವುದಿಲ್ಲ.

ಹಾರ್ಮೋನು ಗ್ರಂಥಿಯಿಂದ ಬಂತೋ ಸೀಸೆಯಿಂದ ಬಂತೋ ಬಿಳಿ ಕಣಕ್ಕೆ ಗೊತ್ತಾಗುವುದಿಲ್ಲ. ಎರಡಕ್ಕೂ ಒಂದೇ ಥರ ಗೋಡೆ ಬಿಡುತ್ತದೆ. ಕಣಕ್ಕೆ ಗೊತ್ತಾಗದಿದ್ದರೆ ತಪ್ಪಿಲ್ಲ, ನನಗೆ ಗೊತ್ತಾಗಬೇಕಿತ್ತು. ಇಲ್ಲಿ ದಿನವಿಡೀ ಅದನ್ನೇ ನೋಡಿ ನೋಡಿ, ನಿನ್ನ ಕಾಗದ ಬಂದಾಗ ಅದರಲ್ಲೂ ಅದನ್ನೇ ನೋಡಿದೆ. ಕೇಳಬೇಕಾದ್ದನ್ನು ಕೇಳದೆ ಚೆಂದದ ಮಾತು ಬರೆದೆ. ಬರೆದು ಅಂಚೆಗೆ ಹಾಕಿದ ದಿನ ಖುಷಿಯಿಂದ ಇದ್ದೆ, ಅಕ್ಕನಿಗೆ ಎಷ್ಟು ಸೊಗಸಾಗಿ ತಿಳಿಸಿದೆ ಎಂದು.

ನಿನ್ನ ದುಃಖ ಎಲ್ಲಿದೆ ಎಂದು ನನಗೆ ತಿಳಿಯದು. ಆದರೆ ದಿನಾ ಬೆಳಿಗ್ಗೆ ಮುಚ್ಚಳಕ್ಕೆ ಮಾತ್ರೆ ಹಾಕಿದ್ದು ಮಾತ್ರೆಯಲ್ಲ. ಅದನ್ನು ಹಾಕಿದ ಕೈ ನಿನ್ನದು.

ಡಾಕ್ಟರು ಕೊಟ್ಟದ್ದನ್ನು ಅವರು ಹೇಳಿದ ಹಾಗೆಯೇ ತೆಗೆದುಕೋ. ಒಂದು, ಆಮೇಲೆ ಮುಕ್ಕಾಲು, ಆಮೇಲೆ ಅರ್ಧ. ಗ್ರಂಥಿಗೆ ಏಳಲು ಬಹಳ ತಿಂಗಳು ಬೇಕು, ಕೆಲವರಿಗೆ ಅದು ಏಳುವುದೂ ಇಲ್ಲ. ಇದನ್ನು ಮುಚ್ಚಿಡಬಾರದು ಎಂದು ಬರೆಯುತ್ತಿದ್ದೇನೆ. ಜ್ವರ ಬಂದರೆ ಕೂಡಲೇ ನರ್ಸಮ್ಮನಿಗೆ ಹೇಳು. ನೀನೂ ಏನನ್ನೂ ಮುಚ್ಚಿಡಬೇಡ.

ಗುಬ್ಬಿ


ಜನವರಿ 18

ಪ್ರೀತಿಯ ಗುಬ್ಬಿಗೆ,

ಕಾಲು ಮಾತ್ರೆಯೂ ಮುಗಿಯಿತು. ಹೋದ ವಾರ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ರಕ್ತ ತೆಗೆದು ನೋಡಿದ ಡಾಕ್ಟರು, "ಹಾರ್ಮೋನು ಸ್ವಲ್ಪ ಸ್ವಲ್ಪ ತಯಾರಾಗ್ತಾ ಇದೆ, ಬಿಟ್ಟು ನೋಡೋಣ" ಎಂದರು. ಅದನ್ನು ಅವರ ಕೈಯಲ್ಲೇ ಬರೆಸಿಕೊಂಡು ಬಂದೆ, ಸರಿಯಾಗಿ ತಿಳಿಯಲಿ ಎಂದು. ಬಿಳಿ ಕಣ ಒಂಬತ್ತು ಸಾವಿರಕ್ಕೆ ಇಳಿದಿದೆ.

ಇವತ್ತು ಮಾತ್ರೆಯಿಲ್ಲದ ಮೊದಲ ದಿನ. ತಿಂಡಿಯಾದ ಮೇಲೆ ಏನು ಮಾಡುವುದೆಂದು ತಿಳಿಯದೆ ಅಡುಗೆಮನೆಯಲ್ಲಿ ನಿಂತಿದ್ದೆ. ಆಮೇಲೆ ಕೆಲಸಕ್ಕೆ ಹೋದೆ. ದಿನವಿಡೀ ನನ್ನನ್ನು ನಾನೇ ಗಮನಿಸುತ್ತಿದ್ದೆ. ತಲೆ ಸುತ್ತಿತೇ, ಹೊಟ್ಟೆ ತೊಳೆಸಿತೇ, ಕೈ ನಡುಗಿತೇ ಎಂದು. ನಡುಗಿದ್ದು ಹೆದರಿಕೆಗೋ ಬೇರೆಯದಕ್ಕೋ ಹೇಗೆ ಗೊತ್ತಾಗಬೇಕು? ನರ್ಸಮ್ಮ ಎರಡು ಸಲ ನೂಲಿನ ವಿಭಾಗಕ್ಕೆ ಬಂದು, ನನ್ನನ್ನು ನೋಡಲು ಬಂದಿಲ್ಲ ಎನ್ನುವ ಹಾಗೆ ಯಂತ್ರಗಳನ್ನು ನೋಡಿ ಹೋದಳು.

ಸಂಜೆ ಬಂದು ನಿನ್ನ ಭಾವನ ಬಟ್ಟೆಗಳನ್ನು ಮಂಚದ ಮೇಲೆ ಹರವಿ ಮಡಿಸಲು ಕೂತೆ. ಒಂದು ಅಂಗಿಗೆ ಗುಂಡಿ ಇರಲಿಲ್ಲ. ಯಾರೂ ಹಾಕಿಕೊಳ್ಳದ ಅಂಗಿ ಎಂದು ಗೊತ್ತಿದ್ದೂ ಹೊಲಿದೆ. ಹೊಲಿಯುವಾಗ ಸಂಕಟವಾಯಿತು. ಎದ್ದು ನೀರು ಕುಡಿಯಬೇಕು ಎನಿಸಿದರೂ ಏಳಲಿಲ್ಲ.

ಈಗ ಮಲಗಬೇಕು. ಬೆಳಿಗ್ಗೆ ಏಳುತ್ತೇನೋ ಇಲ್ಲವೋ ಎಂಬ ಯೋಚನೆ ಬಿಡುತ್ತಿಲ್ಲ. ಟೀಚರಿಗೆ ಬೀಗದ ಇನ್ನೊಂದು ಕೈ ಕೊಟ್ಟಿದ್ದೇನೆ. ನೀನು ಹೆದರಬೇಡ, ನಾನು ಹೆದರುತ್ತಿದ್ದೇನೆ. ಇಬ್ಬರೂ ಹೆದರಿದರೆ ಕೆಲಸ ಕೆಡುತ್ತದೆ. ಇದನ್ನು ಅಂಟಿಸುವುದಿಲ್ಲ, ಬೆಳಿಗ್ಗೆ ಬರೆಯಲು ಕೆಳಗೆ ಜಾಗ ಬಿಟ್ಟಿರುತ್ತೇನೆ.


ಜನವರಿ 19

ಗುಬ್ಬಿ,

ಎದ್ದೆ. ಮೈ ಭಾರವಿದೆ, ಅವರು ಇಲ್ಲ. ಕೆಲಸಕ್ಕೆ ಹೊರಟಿದ್ದೇನೆ, ದಾರಿಯಲ್ಲಿ ಇದನ್ನು ಅಂಚೆಗೆ ಹಾಕುತ್ತೇನೆ.

ಅಕ್ಕ